ಯುದ್ಧಕ್ಕೆ ಹೆಸರಿಡುವಾಗ ಯಾರ ಪಕ್ಷವನ್ನೂ ವಹಿಸದಿರುವುದು ಹೇಗೆ?

1974ರ ಜುಲೈ 20ರಂದು ಟರ್ಕಿಯ ಸೈನ್ಯ ಸೈಪ್ರಸ್ ದ್ವೀಪದ ಉತ್ತರ ಕರಾವಳಿಯಲ್ಲಿ ಇಳಿಯಿತು. ಆಗಸ್ಟ್ ಮಧ್ಯದ ಹೊತ್ತಿಗೆ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೆಲ ಅದರ ಕೈಯಲ್ಲಿತ್ತು. ಟರ್ಕಿ ಇದನ್ನು 'ಸೈಪ್ರಸ್ ಶಾಂತಿ ಕಾರ್ಯಾಚರಣೆ' ಎಂದು ಕರೆಯುತ್ತದೆ. ಗ್ರೀಕ್ ಸೈಪ್ರಸಿಗರು 'ಟರ್ಕಿಯ ಆಕ್ರಮಣ' ಎನ್ನುತ್ತಾರೆ. ಈ ಬಗ್ಗೆ ನೀವು ಒಂದು ಲೇಖನ ಬರೆಯಬೇಕು ಅಂದುಕೊಳ್ಳಿ. ತಲೆಬರಹದಲ್ಲಿ ಏನು ಹಾಕುತ್ತೀರಿ?

ಹೆಚ್ಚಿನವರು ಇಲ್ಲಿ ಒಂದು ಸುಲಭದ ದಾರಿ ಹಿಡಿಯುತ್ತಾರೆ. 'ಶಾಂತಿ' ಬೇಡ, 'ಆಕ್ರಮಣ'ವೂ ಬೇಡ, ಸುಮ್ನೆ 'ಸೈಪ್ರಸ್ ಘಟನೆ' ಅಂದುಬಿಡೋಣ ಎನ್ನುತ್ತಾರೆ. ಯಾರಿಗೂ ನೋವಾಗಲ್ಲ, ಯಾರೂ ಜಗಳಕ್ಕೆ ಬರಲ್ಲ. ಆದರೆ ಓದುಗನಿಗೆ ಏನು ಸಿಕ್ಕಿತು? ಸೈನ್ಯ ಬಂತು ಎಂಬುದೇ ಆ ಹೆಸರಿನಲ್ಲಿ ಇಲ್ಲ. ಬಂದವರು ಯಾರು ಎಂಬುದೂ ಇಲ್ಲ. ಬಂದವರಿಗೆ ಇದಕ್ಕಿಂತ ಅನುಕೂಲದ ಹೆಸರು ಬೇರೊಂದಿಲ್ಲ. ಹಾಗಾಗಿ ಅದು ತಟಸ್ಥ ಹೆಸರಲ್ಲ, ಸದ್ದಿಲ್ಲದೆ ಒಂದು ಕಡೆ ವಾಲಿದ ಹೆಸರು.

ತಟಸ್ಥ ಹೆಸರು ಎಂದರೆ ಎರಡು ಕಡೆಯವರ ಮಾತಿನ ನಡುವೆ ಎಲ್ಲೋ ಸಿಗುವ ಮೆತ್ತನೆಯ ಪದವಲ್ಲ. ಎರಡು ಕಡೆಯವರೂ ಅಲ್ಲಗಳೆಯಲಾಗದ ಸಂಗತಿಗಳಿಂದ ಕಟ್ಟಿದ ಹೆಸರು. ಯಾರು, ಎಲ್ಲಿ, ಯಾವಾಗ, ಏನು ಮಾಡಿದರು. ಇಷ್ಟು ಹೆಸರಿನಲ್ಲಿರಲಿ. ಯಾಕೆ ಮಾಡಿದರು, ಮಾಡಿದ್ದು ಸರಿಯೇ ತಪ್ಪೇ, ಕಾನೂನು ಏನು ಹೇಳುತ್ತದೆ, ಇದೆಲ್ಲ ಲೇಖನದ ಒಳಗಿನ ಕೆಲಸ. '1974ರಲ್ಲಿ ಸೈಪ್ರಸ್ ಮೇಲೆ ಟರ್ಕಿಯ ಸೈನಿಕ ಕಾರ್ಯಾಚರಣೆ' ಎಂದಾಗ ಟರ್ಕಿಯವರಿಗೆ 'ಶಾಂತಿ' ಇಲ್ಲವಲ್ಲ ಅನ್ನಿಸಬಹುದು, ಎದುರಿನವರಿಗೆ 'ಆಕ್ರಮಣ' ಇಲ್ಲವಲ್ಲ ಅನ್ನಿಸಬಹುದು. ಆದರೆ ಅದರಲ್ಲಿರುವ ಒಂದು ಪದವನ್ನೂ ಸುಳ್ಳು ಎಂದು ಇಬ್ಬರೂ ಹೇಳಲಾರರು.

ಮೆತ್ತನೆಯ ಪದ ಏನನ್ನು ಮುಚ್ಚುತ್ತದೆ

ಜೋರು ಪದದ ಪಕ್ಷಪಾತ ಯಾರಿಗಾದರೂ ಕಾಣುತ್ತದೆ. ಮೆತ್ತನೆಯ ಪದದ ಪಕ್ಷಪಾತ ಹಾಗಲ್ಲ, ಹುಡುಕಿ ನೋಡಬೇಕು. ಅದಕ್ಕೇ ಈ ವಿಷಯದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ.

1937ರ ಜುಲೈ 7ರಂದು ಬೀಜಿಂಗ್ ಹತ್ತಿರದ ಮಾರ್ಕೊ ಪೋಲೊ ಸೇತುವೆಯ ಬಳಿ ಜಪಾನ್ ಮತ್ತು ಚೀನಾ ಪಡೆಗಳ ನಡುವೆ ಗುಂಡಿನ ಚಕಮಕಿ ಶುರುವಾಯಿತು. ಅದೇ ವರ್ಷ ಶಾಂಘೈ ಮತ್ತು ನಾನ್‌ಜಿಂಗ್ ಜಪಾನಿನ ವಶವಾದವು. ಲಕ್ಷಾಂತರ ಜನ ಸತ್ತರು. ಆದರೂ ಜಪಾನ್ ಸರ್ಕಾರ ಇದನ್ನು 'ಚೀನಾ ಘಟನೆ' ಎಂದೇ ಕರೆಯುತ್ತಿತ್ತು. ಕಾರಣ ತೀರಾ ವ್ಯವಹಾರದ್ದು. ಯುದ್ಧದಲ್ಲಿರುವ ದೇಶಗಳಿಗೆ ಶಸ್ತ್ರಾಸ್ತ್ರ ಮಾರಬಾರದು ಎಂಬ ತಟಸ್ಥತಾ ಕಾನೂನು ಆಗ ಅಮೆರಿಕದಲ್ಲಿತ್ತು. ಯುದ್ಧ ಎಂದು ಘೋಷಿಸಿದರೆ ಅಮೆರಿಕದಿಂದ ಬರುತ್ತಿದ್ದ ಸಾಮಾನು ನಿಲ್ಲುವ ಭಯ. ಚೀನಾಕ್ಕೂ ಇದೇ ಚಿಂತೆ ಇತ್ತು. ಅದು ಜಪಾನ್ ಮೇಲೆ ಅಧಿಕೃತವಾಗಿ ಯುದ್ಧ ಘೋಷಿಸಿದ್ದು 1941ರ ಡಿಸೆಂಬರ್‌ನಲ್ಲಿ, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ನಂತರ. ಈ ಹಿನ್ನೆಲೆ ಗೊತ್ತಿಲ್ಲದ ಬರಹಗಾರ 'ಘಟನೆ' ಎಂಬ ಪದ ಸೌಮ್ಯವಾಗಿದೆ, ತಟಸ್ಥವಾಗಿದೆ ಎಂದು ಎತ್ತಿಕೊಂಡರೆ ಏನಾಗುತ್ತದೆ? ಆಗಿನ ಸರ್ಕಾರ ತನ್ನ ಲಾಭಕ್ಕೆ ಮಾಡಿಕೊಂಡ ಹೆಸರನ್ನೇ ಅವನು ಇವತ್ತು ಮುಂದುವರಿಸಿದಂತಾಗುತ್ತದೆ.

ಅಲ್ಜೀರಿಯಾದ ಕಥೆ ಇನ್ನೂ ಉದ್ದ. 1954ರ ನವೆಂಬರ್ 1ರಿಂದ 1962ರ ಮಾರ್ಚ್‌ವರೆಗೆ ಅಲ್ಲಿ ಫ್ರಾನ್ಸ್ ಸೈನ್ಯ ಸ್ವಾತಂತ್ರ್ಯ ಹೋರಾಟಗಾರರ ವಿರುದ್ಧ ಕಾದಾಡಿತು. ಫ್ರಾನ್ಸ್ ದಾಖಲೆಗಳಲ್ಲಿ ಇದಕ್ಕಿದ್ದ ಹೆಸರು 'ಸುವ್ಯವಸ್ಥೆ ಪಾಲನೆಯ ಕಾರ್ಯಾಚರಣೆಗಳು'. ಅಲ್ಜೀರಿಯಾ ಫ್ರಾನ್ಸಿನದೇ ಭಾಗ ಎಂಬುದು ಅವರ ನಿಲುವಾಗಿತ್ತು. ತನ್ನ ನೆಲದಲ್ಲೇ ತಾನು ಯುದ್ಧ ಮಾಡುವುದು ಹೇಗೆ, ಅಲ್ವಾ? ಇದರ ಪೆಟ್ಟು ಫ್ರಾನ್ಸಿನ ಸೈನಿಕರಿಗೂ ಬಿತ್ತು. ಯುದ್ಧವೇ ಆಗಿಲ್ಲವೆಂದ ಮೇಲೆ ಯೋಧರು ಎಂಬ ಮಾನ್ಯತೆ ಎಲ್ಲಿಂದ ಬರಬೇಕು? ಅದಕ್ಕಾಗಿ ಅವರು 1974ರವರೆಗೆ ಕಾಯಬೇಕಾಯಿತು. 'ಅಲ್ಜೀರಿಯಾ ಯುದ್ಧ' ಎಂಬ ಹೆಸರು ಫ್ರಾನ್ಸಿನ ಕಾನೂನಿಗೆ ಬಂದದ್ದು 1999ರ ಅಕ್ಟೋಬರ್‌ನಲ್ಲಿ. ಹೋರಾಟ ಮುಗಿದು ಆಗಲೇ 37 ವರ್ಷ ಕಳೆದಿತ್ತು.

ಇದೇ ಸಾಲಿಗೆ ಸೇರುವ, ನಮಗೆ ಚೆನ್ನಾಗಿ ಗೊತ್ತಿರುವ ಪದ 'ಪೊಲೀಸ್ ಕಾರ್ಯಾಚರಣೆ'. ಮೂರೇ ವರ್ಷಗಳ ಅವಧಿಯಲ್ಲಿ ಈ ಹೆಸರನ್ನು ಮೂರು ಸರ್ಕಾರಗಳು ಬಳಸಿದವು. 1947ರ ಜುಲೈ ಮತ್ತು 1948ರ ಡಿಸೆಂಬರ್‌ನಲ್ಲಿ ಡಚ್ಚರು ಇಂಡೋನೇಷ್ಯಾದ ಗಣರಾಜ್ಯದ ಮೇಲೆ ಸೈನ್ಯ ಕಳಿಸಿದರು. ಎರಡನೆಯ ಸಲ ರಾಜಧಾನಿ ಯೋಗ್ಯಕರ್ತವನ್ನು ವಶಪಡಿಸಿಕೊಂಡು ಅಧ್ಯಕ್ಷ ಸುಕರ್ಣೊ, ಉಪಾಧ್ಯಕ್ಷ ಹಟ್ಟಾ ಇಬ್ಬರನ್ನೂ ಬಂಧಿಸಿದರು. ಡಚ್ಚರ ಬಾಯಲ್ಲಿ ಇವು 'ಪೊಲೀಸ್ ಕಾರ್ಯಾಚರಣೆಗಳು'. ಇಂಡೋನೇಷ್ಯಾದವರು 'ಡಚ್ ಸೈನಿಕ ಆಕ್ರಮಣ' ಎಂದು ಕರೆದು ಒಂದು, ಎರಡು ಎಂದು ಎಣಿಸುತ್ತಾರೆ. ಇನ್ನು ಕೊರಿಯಾ. 1950ರ ಜೂನ್ 29ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಪತ್ರಕರ್ತರಿಗೆ ನಾವು ಯುದ್ಧದಲ್ಲಿಲ್ಲ ಎಂದರು. ಹಾಗಾದರೆ ಇದು ವಿಶ್ವಸಂಸ್ಥೆಯ ಅಡಿಯ ಪೊಲೀಸ್ ಕಾರ್ಯಾಚರಣೆ ಅನ್ನಬಹುದೇ ಎಂದು ಒಬ್ಬರು ಕೇಳಿದಾಗ ಹೌದು ಎಂದರು. ಯುದ್ಧ ಎಂದು ಘೋಷಿಸುವ ಅಧಿಕಾರ ಅಲ್ಲಿ ಇರುವುದು ಸಂಸತ್ತಿಗೆ. ಆ ಘೋಷಣೆ ಕೊನೆಗೂ ಬರಲೇ ಇಲ್ಲ. ಆದರೆ ಮೂರು ವರ್ಷಗಳಲ್ಲಿ ಅಮೆರಿಕದ 36,000ಕ್ಕೂ ಹೆಚ್ಚು ಸೈನಿಕರು ಸತ್ತರು. ಕೊರಿಯಾದ ಜನರ ಸಾವು ಇದರ ಎಷ್ಟೋ ಪಟ್ಟು.

ಮೂರನೆಯದು ಹೈದರಾಬಾದ್. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ನಿಜಾಮನ ಸಂಸ್ಥಾನದೊಳಗೆ ಹೋಯಿತು. ಸೈನ್ಯದ ಗುಪ್ತನಾಮ 'ಆಪರೇಷನ್ ಪೋಲೊ'. ಟ್ಯಾಂಕ್‌ಗಳಿದ್ದವು, ವಾಯುಪಡೆಯ ವಿಮಾನಗಳಿದ್ದವು. 17ರಂದು ನಿಜಾಮ ಕದನ ನಿಲ್ಲಿಸಿದ. 18ರಂದು ಅವನ ಸೇನಾಪತಿ ಎಲ್ ಎದ್ರೂಸ್, ಭಾರತದ ಮೇಜರ್ ಜನರಲ್ ಜೆ.ಎನ್. ಚೌಧರಿ ಅವರಿಗೆ ಶರಣಾದರು. ಪೊಲೀಸರ ಕೆಲಸ ಇದಾಗಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಹೆಸರು ಬೇಕಾಗಿತ್ತು. ಯುದ್ಧ ಎಂದರೆ ಎದುರಿಗಿರುವುದು ಇನ್ನೊಂದು ದೇಶ ಎಂದು ಒಪ್ಪಿದ ಹಾಗೆ. ಹೈದರಾಬಾದ್ ಆಗಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತ್ತು. ಇದು ನಮ್ಮ ಒಳಗಿನ ವಿಷಯ, ರಜಾಕಾರರ ಹಾವಳಿ ಅಡಗಿಸಿ ಶಾಂತಿ ತರುವ ಕೆಲಸ ಎಂದು ಹೇಳಲು 'ಪೊಲೀಸ್ ಆಕ್ಷನ್' ಹೊಂದಿಕೊಂಡಿತು.

ಈ ಮೂರೂ ಸಂದರ್ಭ ಒಂದೇ ಎಂದು ನಾನು ಹೇಳುತ್ತಿಲ್ಲ. ವಸಾಹತನ್ನು ಉಳಿಸಿಕೊಳ್ಳಲು ಹೊರಟವರು ಬೇರೆ, ಸುತ್ತಲೂ ತನ್ನದೇ ನೆಲವಿರುವ ಒಂದು ಸಂಸ್ಥಾನವನ್ನು ಸೇರಿಸಿಕೊಂಡವರು ಬೇರೆ. ಹೈದರಾಬಾದಿನ ಬಹಳಷ್ಟು ಪ್ರಜೆಗಳಿಗೆ ಸೈನ್ಯ ಬಂದದ್ದು ನಿಜಕ್ಕೂ ಬಿಡುಗಡೆಯೇ. ರಜಾಕಾರರ ಕೈಯಲ್ಲಿ ಅವರು ಪಟ್ಟ ಪಾಡು ಕಡಿಮೆಯಲ್ಲ. ಆದರೆ ಪಂಡಿತ್ ಸುಂದರ್‌ಲಾಲ್ ನೇತೃತ್ವದಲ್ಲಿ ಭಾರತ ಸರ್ಕಾರವೇ ಕಳಿಸಿದ ಸಮಿತಿ, ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರದ ಹಿಂಸೆಯಲ್ಲಿ ಕನಿಷ್ಠ 27,000ದಿಂದ 40,000 ಜನ ಸತ್ತರು ಎಂದು ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. 'ಪೊಲೀಸ್ ಕಾರ್ಯಾಚರಣೆ' ಎಂಬ ಹೆಸರು ಓದಿದವನ ಮನಸ್ಸಿಗೆ ಇದು ಬರುತ್ತದೆಯೇ? 'ವಿಮೋಚನೆ' ಎಂಬ ಹೆಸರಿನಲ್ಲಿ ಇದಕ್ಕೆ ಜಾಗ ಇದೆಯೇ? '1948ರ ಹೈದರಾಬಾದ್ ಸೈನಿಕ ಕಾರ್ಯಾಚರಣೆ' ಎಂದು ಬರೆದರೆ ಬಿಡುಗಡೆಯ ಸಂತೋಷಕ್ಕೂ ಜಾಗ ಉಳಿಯುತ್ತದೆ, ಸತ್ತವರ ಲೆಕ್ಕಕ್ಕೂ ಉಳಿಯುತ್ತದೆ. ಜನ 'ಪೊಲೀಸ್ ಆಕ್ಷನ್' ಎಂದೇ ಕರೆಯುತ್ತಾ ಬಂದಿದ್ದಾರೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಆ ಪದವನ್ನು ಅಳಿಸುವುದು ನಮ್ಮ ಕೆಲಸವಲ್ಲ. ಅದು ಯಾರ ಪದ ಎಂದು ತೋರಿಸುವುದು ನಮ್ಮ ಕೆಲಸ.

ಸೈನ್ಯ ತಾನೇ ಇಟ್ಟುಕೊಂಡ ಹೆಸರು

'ಆಪರೇಷನ್ ಪೋಲೊ' ಅಂದರೆ ಆಯ್ತಲ್ಲ, ಅದರಲ್ಲಿ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ ಎಂದು ಕೆಲವರು ಕೇಳುತ್ತಾರೆ. ಪೋಲೊ ಮಟ್ಟಿಗೆ ಹೌದು. ಆದರೆ ಎಲ್ಲ ಗುಪ್ತನಾಮಗಳೂ ಹೀಗಿರುವುದಿಲ್ಲ.

1989ರ ಡಿಸೆಂಬರ್ 20ರಂದು ಅಮೆರಿಕ ಪನಾಮಾ ದೇಶಕ್ಕೆ ಸೈನ್ಯ ನುಗ್ಗಿಸಿತು. ಅದಕ್ಕೆ ಇಟ್ಟ ಹೆಸರು 'ಆಪರೇಷನ್ ಜಸ್ಟ್ ಕಾಸ್', ಅಂದರೆ ನ್ಯಾಯದ ಉದ್ದೇಶ. ಆಗಿನ ಜಂಟಿ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷ ಕಾಲಿನ್ ಪವೆಲ್ ಈ ಹೆಸರು ತಮಗೆ ಯಾಕೆ ಇಷ್ಟವಾಯಿತು ಎಂದು ಮುಂದೆ ಬರೆದುಕೊಂಡರು. ನಮ್ಮನ್ನು ಅತಿ ಕಟುವಾಗಿ ಬೈಯುವವರೂ ಬೈಯುವಾಗ 'ನ್ಯಾಯದ ಉದ್ದೇಶ' ಎಂದೇ ಹೇಳಬೇಕಾಗುತ್ತದೆ ಎಂಬುದು ಅವರ ಕಾರಣ. ಹೆಸರಿನ ಬಲ ಎಷ್ಟು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರು ಕಡಿಮೆ. ಅದೇ ತಿಂಗಳ 29ರಂದು ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಎಂದು ಖಂಡಿಸಿತು. ಲೇಖನದ ತಲೆಬರಹದಲ್ಲಿ ಗುಪ್ತನಾಮ ಹಾಕಿದರೆ ಪವೆಲ್ ಅವರ ಲೆಕ್ಕಾಚಾರವನ್ನು ನಾವೇ ನಡೆಸಿಕೊಟ್ಟ ಹಾಗೆ. ಸೈನ್ಯದ ಯೋಜನೆ, ಪಡೆಗಳ ಚಲನೆ ಬಗ್ಗೆ ಬರೆಯುವಾಗ ಗುಪ್ತನಾಮ ಸರಿ. ಇಡೀ ಸಂಗತಿಗೆ ಅದು ಹೆಸರಾಗಬಾರದು.

ಈ ಬಗ್ಗೆ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ 1943ರ ಆಗಸ್ಟ್‌ನಲ್ಲಿ ಬರೆದ ಒಂದು ಟಿಪ್ಪಣಿ ನನಗೆ ಮುಖ್ಯ ಅನ್ನಿಸುತ್ತದೆ. ಬಹಳ ಜನ ಸಾಯುವಂಥ ಕಾರ್ಯಾಚರಣೆಗೆ ಜಂಬದ ಹೆಸರು ಇಡಬಾರದು, ಹುಡುಗಾಟದ ಹೆಸರೂ ಇಡಬಾರದು ಎಂದು ಅವರು ಸೂಚಿಸಿದರು. ತನ್ನ ಮಗ ಇಂಥ ಹೆಸರಿನ ಕಾರ್ಯಾಚರಣೆಯಲ್ಲಿ ಸತ್ತ ಎಂದು ಒಬ್ಬ ತಾಯಿ ಹೇಳುವಂತಾಗಬಾರದು ಎಂಬುದು ಅವರ ವಾದ. ಚರ್ಚಿಲ್ ತಟಸ್ಥರಲ್ಲ, ಯುದ್ಧ ನಡೆಸುತ್ತಿದ್ದವರು. ಆದರೂ ಸತ್ತವರ ಮನೆಯವರ ಕಿವಿಯಲ್ಲಿ ಈ ಹೆಸರು ಹೇಗೆ ಕೇಳುತ್ತದೆ ಎಂಬ ಪ್ರಶ್ನೆ ಇತಿಹಾಸ ಬರೆಯುವವರಿಗೂ ಬೇಕಾದದ್ದೇ. ನಾವು ಅದನ್ನು ಎರಡೂ ಕಡೆಯ ಮನೆಗಳಿಗೆ ಹಚ್ಚಿ ನೋಡಬೇಕು, ಅಷ್ಟೇ ವ್ಯತ್ಯಾಸ.

ಪಕ್ಷ ಬದಲಿಸಿ ನೋಡುವುದು

ಒಂದು ಪದ ವಾಲಿದೆಯೋ ಇಲ್ಲವೋ ತಿಳಿಯಲು ನಾನು ನಂಬುವ ಪರೀಕ್ಷೆ ಇದು. ಅದೇ ಕೆಲಸವನ್ನು ಎದುರಾಳಿ ಮಾಡಿದ್ದರೆ ನಾನು ಇದೇ ಪದ ಬರೆಯುತ್ತಿದ್ದೆನೇ? ಉತ್ತರ ಇಲ್ಲ ಎಂದಾದರೆ ಪದ ಬದಲಾಗಬೇಕು.

ನಮ್ಮ ಬರಹಗಳನ್ನೇ ತೆಗೆದು ನೋಡಿ. ನಮಗೆ ಬೇಕಾದ ರಾಜ ಪಕ್ಕದ ರಾಜ್ಯದ ಮೇಲೆ ಹೋದರೆ 'ದಿಗ್ವಿಜಯ', 'ದಂಡಯಾತ್ರೆ'. ಪಕ್ಕದ ರಾಜ ನಮ್ಮ ಮೇಲೆ ಬಂದರೆ 'ದಾಳಿ', 'ಹಾವಳಿ'. ಸುಮಾರು 1007ರಲ್ಲಿ ಚೋಳರ ಸೈನ್ಯ ಚಾಲುಕ್ಯ ರಾಜ ಸತ್ಯಾಶ್ರಯನ ನಾಡಿಗೆ ನುಗ್ಗಿತು. ಚಾಲುಕ್ಯರ ಕಡೆಯ ಹೊಟ್ಟೂರು ಶಾಸನ ಅದನ್ನು ಹೇಗೆ ಹೇಳುತ್ತದೆ? ದೊಡ್ಡ ಸೈನ್ಯದೊಂದಿಗೆ ಬಂದ ಚೋಳ ದೋಣೂರಿನವರೆಗೆ ನಾಡನ್ನು ಸೂರೆ ಮಾಡಿದ, ಹೆಂಗಸರು ಮಕ್ಕಳೆನ್ನದೆ ಕೊಂದ, ಕೊನೆಗೆ ಸತ್ಯಾಶ್ರಯ ಅವನನ್ನು ಓಡಿಸಿದ ಎಂದು. ರಾಜರಾಜ ಚೋಳನ ಶಾಸನಗಳ ಹೊಗಳಿಕೆಯ ಸಾಲುಗಳಲ್ಲಿ ಇದೇ ನಾಡು ಅವನು ಗೆದ್ದ ಏಳೂವರೆ ಲಕ್ಷದ ರಟ್ಟಪಾಡಿ. ಎರಡೂ ಕಲ್ಲಿನ ಮೇಲೆ ಕೊರೆದ ಮಾತುಗಳೇ. ಆದರೆ ಎರಡೂ ಒಬ್ಬೊಬ್ಬ ರಾಜನ ಮಾತುಗಳು. ಶಾಸನದ ಪದವನ್ನು ಹಾಗೇ ಎತ್ತಿ ತಲೆಬರಹಕ್ಕೆ ಹಾಕಿದರೆ ಸಾವಿರ ವರ್ಷ ಹಿಂದಿನ ಆಸ್ಥಾನಕ್ಕೆ ನಾವು ದನಿ ಕೊಟ್ಟ ಹಾಗಾಗುತ್ತದೆ. 'ಸುಮಾರು 1007ರ ಚೋಳ–ಚಾಲುಕ್ಯ ಯುದ್ಧ' ಎಂದರೆ ಸಾಕು. ಸೂರೆ, ಕೊಲೆ, ಗೆಲುವು ಎಲ್ಲವನ್ನೂ ಯಾವ ಶಾಸನ ಹೇಳುತ್ತದೆ ಎಂದು ತಿಳಿಸಿ ಒಳಗೆ ಬರೆಯಬಹುದು.

ಕನ್ನಡದಲ್ಲಿ 'ಆಕ್ರಮಣ' ಎಂಬ ಪದದ ಜೊತೆ ವಿಶೇಷ ಎಚ್ಚರ ಬೇಕು. ಗಡಿ ದಾಟಿ ಸೈನ್ಯ ಒಳಗೆ ಬಂತು ಎಂಬ ಬರೀ ವಿವರವೂ ಅದರಲ್ಲಿದೆ, ತಪ್ಪು ಇವರದ್ದೇ ಎಂಬ ಆರೋಪವೂ ಅದರಲ್ಲಿದೆ. ಎರಡನೆಯ ಅರ್ಥಕ್ಕೆ ಕಾನೂನಿನ ತೂಕ ಇದೆ. ಅಂಥ ಕೃತ್ಯ ಯಾವುದು ಎಂದು ವಿಶ್ವಸಂಸ್ಥೆಯ ಮಹಾಸಭೆ 1974ರ ಡಿಸೆಂಬರ್‌ನಲ್ಲಿ ಒಂದು ನಿರ್ಣಯದ ಮೂಲಕ ವ್ಯಾಖ್ಯೆ ಕೊಟ್ಟಿತು. ಹಾಗಂತ ಈ ಪದ ಬಳಸಲೇಬಾರದು ಎಂದಲ್ಲ. 1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿಗೆ ಮಾಡಿದ್ದನ್ನು ಆಕ್ರಮಣ ಎನ್ನಲು ಯಾವ ಗಂಭೀರ ಇತಿಹಾಸಕಾರನೂ ಹಿಂಜರಿಯುವುದಿಲ್ಲ. ಆದರೆ ಒಂದು ಕಡೆ ಅದನ್ನು ಬಳಸಿ, ಅಂಥದೇ ಇನ್ನೊಂದು ಕೃತ್ಯಕ್ಕೆ 'ಪ್ರವೇಶ' ಎಂದು ಬರೆದರೆ ಅಲ್ಲಿಗೆ ತಟಸ್ಥತೆ ಮುಗಿಯಿತು. ಒಂದೊಂದು ಪದವನ್ನು ಬೇರೆಯಾಗಿ ತೂಗುವುದಕ್ಕಿಂತ ಒಂದೇ ಅಳತೆಗೋಲನ್ನು ಎಲ್ಲರಿಗೂ ಹಿಡಿಯುವುದು ಮುಖ್ಯ.

'ವಿಮೋಚನೆ'ಯೂ ಹೀಗೆಯೇ. 1961ರ ಡಿಸೆಂಬರ್ 18 ಮತ್ತು 19ರಂದು ಭಾರತ ಸೈನ್ಯ ಗೋವಾವನ್ನು ಪೋರ್ಚುಗೀಸರಿಂದ ವಶಪಡಿಸಿಕೊಂಡಿತು. ಭಾರತದಲ್ಲಿ ಇದು ಗೋವಾ ವಿಮೋಚನೆ. ಪೋರ್ಚುಗಲ್ ಆಕ್ರಮಣ ಎಂದಿತು. ಭಾರತದ ಸಾರ್ವಭೌಮತ್ವವನ್ನು ಅದು ಒಪ್ಪಂದದ ಮೂಲಕ ಒಪ್ಪಿದ್ದು 1974ರ ಕೊನೆಯಲ್ಲಿ. ನಾನು ಭಾರತೀಯ ಓದುಗರಿಗೆ ಹಬ್ಬದ ದಿನದ ಬರಹ ಬರೆಯುತ್ತಿದ್ದರೆ 'ವಿಮೋಚನೆ' ಎಂದೇ ಬರೆಯುತ್ತೇನೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ವಿಶ್ವಕೋಶಕ್ಕೋ ಪಠ್ಯಕ್ಕೋ ಬರೆಯುವಾಗ '1961ರ ಗೋವಾ ಸೈನಿಕ ಕಾರ್ಯಾಚರಣೆ' ಎಂದು ಹಾಕಿ, 450 ವರ್ಷಗಳ ವಸಾಹತು ಆಳ್ವಿಕೆ ಅಲ್ಲಿಗೆ ಕೊನೆಯಾಯಿತು ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆಯುತ್ತೇನೆ. ಆ ಸಂಗತಿಯ ಬಲಕ್ಕೆ 'ವಿಮೋಚನೆ' ಎಂಬ ಪದದ ಆಸರೆ ಬೇಕಾಗಿಲ್ಲ.

ಜಾಗ, ದಿನ, ಅಂಕಿ

ಜಾಗದ ಹೆಸರೂ ಇಸವಿಯೂ ಸೇರಿದರೆ ತಟಸ್ಥ ಹೆಸರು ತಯಾರು ಎಂದು ಹೇಳುವುದುಂಟು. ಬಹಳ ಸಲ ಇದು ನಿಜ. 1973ರ ಅಕ್ಟೋಬರ್ ಯುದ್ಧವನ್ನು ಇಸ್ರೇಲಿಗರು ತಮ್ಮ ಪವಿತ್ರ ದಿನ ಯೋಮ್ ಕಿಪ್ಪೂರ್ ಹೆಸರಿನಿಂದ ಕರೆಯುತ್ತಾರೆ. ಅರಬ್ಬರು ರಂಜಾನ್ ಯುದ್ಧ ಎನ್ನುತ್ತಾರೆ. '1973ರ ಅರಬ್–ಇಸ್ರೇಲ್ ಯುದ್ಧ' ಎಂದರೆ ಯಾವ ತಕರಾರೂ ಇಲ್ಲ.

ಆದರೆ ಜಾಗದ ಹೆಸರೇ ಜಗಳದ ಮೂಲವಾದರೆ? 1982ರ ಏಪ್ರಿಲ್ 2ರಿಂದ ಜೂನ್ 14ರವರೆಗೆ ಬ್ರಿಟನ್ ಮತ್ತು ಅರ್ಜೆಂಟೀನಾ ಕಾದಾಡಿದ ದ್ವೀಪಗಳು ಒಬ್ಬರಿಗೆ ಫಾಕ್‌ಲ್ಯಾಂಡ್, ಇನ್ನೊಬ್ಬರಿಗೆ ಮಾಲ್ವಿನಾಸ್. ವಿಶ್ವಸಂಸ್ಥೆ ತನ್ನ ಇಂಗ್ಲಿಷ್ ದಾಖಲೆಗಳಲ್ಲಿ ಫಾಕ್‌ಲ್ಯಾಂಡ್ ಎಂದು ಬರೆದು ಪಕ್ಕದಲ್ಲಿ ಕಂಸದೊಳಗೆ ಮಾಲ್ವಿನಾಸ್ ಎಂದು ಸೇರಿಸುತ್ತದೆ. ನೋಡಲು ಚೆಂದವಿಲ್ಲ, ಆದರೆ ಪ್ರಾಮಾಣಿಕವಾಗಿದೆ.

ದಿನಾಂಕದಲ್ಲೂ ಪಕ್ಷ ಅಡಗಿರುತ್ತದೆ. ಸೈಪ್ರಸ್ ಕಥೆಯನ್ನು ಜುಲೈ 20ರಿಂದ ಶುರು ಮಾಡಿದರೆ ಅದು ಟರ್ಕಿ ಬಂದ ಕಥೆ. ಜುಲೈ 15ರಿಂದ ಶುರು ಮಾಡಿದರೆ, ಗ್ರೀಸ್‌ನ ಸೈನಿಕ ಸರ್ಕಾರದ ಬೆಂಬಲದಿಂದ ಅಧ್ಯಕ್ಷ ಮಕಾರಿಯೋಸ್ ಅವರನ್ನು ಇಳಿಸಿದ ಕ್ಷಿಪ್ರಕ್ರಾಂತಿಯೂ ಅದರೊಳಗೆ ಬರುತ್ತದೆ. 1915ರಲ್ಲಿ ಟರ್ಕಿಯ ನೆಲದಲ್ಲಿ ನಡೆದ ಗಲಿಪೊಲಿ ಯುದ್ಧದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನೆನೆಯುವುದು ತಮ್ಮ ಸೈನಿಕರು ದಡಕ್ಕೆ ಇಳಿದ ಏಪ್ರಿಲ್ 25ನ್ನು. ಟರ್ಕಿ ನೆನೆಯುವುದು ಹಡಗುಗಳ ದಾಳಿಯನ್ನು ಹಿಮ್ಮೆಟ್ಟಿಸಿದ ಮಾರ್ಚ್ 18ನ್ನು. ಕೊರಿಯಾ ಯುದ್ಧವನ್ನು ದಕ್ಷಿಣ ಕೊರಿಯಾದವರು 'ಆರು ಇಪ್ಪತ್ತೈದು' ಎನ್ನುತ್ತಾರೆ, ಅಂದರೆ ಜೂನ್ 25. ಬರೀ ಅಂಕಿ, ಎಷ್ಟು ತಟಸ್ಥ ಅನ್ನಿಸುತ್ತದೆ ಅಲ್ವಾ? ಆದರೆ ಅದು ಉತ್ತರ ಕೊರಿಯಾದ ಸೈನ್ಯ ಗಡಿ ದಾಟಿದ ದಿನ. ಮೊದಲು ಬಂದವರು ಯಾರು ಎಂಬ ಮಾತು ಆ ಅಂಕಿಯಲ್ಲೇ ಇದೆ. ಉತ್ತರ ಕೊರಿಯಾದಲ್ಲಿ ಅದಕ್ಕೆ 'ಪಿತೃಭೂಮಿ ವಿಮೋಚನಾ ಯುದ್ಧ' ಎಂಬ ಹೆಸರಿದೆ.

1857ರ ಪಾಠ

ಹೆಸರಿನ ಜಗಳ ಎಷ್ಟು ಕಾಲ ನಡೆಯಬಹುದು ಎಂದು ತಿಳಿಯಲು 1857 ಸಾಕು. ಆ ವರ್ಷದ ಮೇ 10ರಂದು ಮೀರತ್‌ನಲ್ಲಿ ಸಿಪಾಯಿಗಳು ಎದ್ದರು. ಬ್ರಿಟಿಷರು 'ಸಿಪಾಯಿ ದಂಗೆ' ಎಂದರು. ಈ ಹೆಸರಿನ ಮೊದಲ ತೊಂದರೆ ಅದರ ಬೈಗುಳವಲ್ಲ, ಅದರ ಅಳತೆ. ಅವಧ್‌ನ ರೈತರು, ತಾಲೂಕುದಾರರು, ಝಾನ್ಸಿಯ ರಾಣಿ, ಆಯುಧ ಒಪ್ಪಿಸಲು ಒಪ್ಪದ ಹಲಗಲಿಯ ಬೇಡರು, ನರಗುಂದದ ಭಾಸ್ಕರರಾವ್, ಇವರ್ಯಾರೂ ಸಿಪಾಯಿಗಳಲ್ಲ. ಹಾಗಾಗಿ ಆ ಹೆಸರು ಅಪಚಾರ ಎನ್ನುವುದಕ್ಕಿಂತ ಮೊದಲು ತಪ್ಪು.

'ಪ್ರಥಮ ಸ್ವಾತಂತ್ರ್ಯ ಸಂಗ್ರಾಮ' ಎಂಬ ಹೆಸರಿಗೆ ದೊಡ್ಡ ಭಾವನೆಯ ಬಲ ಇದೆ. ಆದರೆ ಅದಕ್ಕೂ ಅಳತೆಯ ತೊಂದರೆ ಇದೆ. 'ಪ್ರಥಮ' ಎಂದ ಕೂಡಲೇ 1806ರ ವೆಲ್ಲೂರು, 1817ರ ಒಡಿಶಾದ ಪೈಕರು, 1837ರ ಅಮರ ಸುಳ್ಯದವರು ಎದ್ದು ನಿಂತು ನಾವೇನು ಎಂದು ಕೇಳುತ್ತಾರೆ. ಮದರಾಸು ಸೈನ್ಯದ ಬಹುಪಾಲು ಇದರಲ್ಲಿ ಸೇರಲೇ ಇಲ್ಲ. ಸಿಖ್ ಮತ್ತು ಗೂರ್ಖಾ ಪಡೆಗಳು ಬ್ರಿಟಿಷರ ಜೊತೆ ನಿಂತವು.

1957ರಲ್ಲಿ ಸ್ವತಂತ್ರ ಭಾರತದ ಸರ್ಕಾರ ಶತಮಾನೋತ್ಸವಕ್ಕೆ ಒಂದು ಇತಿಹಾಸ ಗ್ರಂಥ ಪ್ರಕಟಿಸಿತು. ಅದರ ಹೆಸರು ಬರೀ ಇಸವಿ, ಅಕ್ಷರಗಳಲ್ಲಿ. ದಂಗೆಯೂ ಇಲ್ಲ, ಸಂಗ್ರಾಮವೂ ಇಲ್ಲ. ಸರ್ಕಾರದ ಗ್ರಂಥ ಎಂದರೆ ಜಯಕಾರದ ಹೆಸರು ಬರುತ್ತದೆ ಎಂದು ಯಾರಾದರೂ ಎಣಿಸಬಹುದಿತ್ತು. ಅದರಿಂದಲೇ ಈ ಆಯ್ಕೆ ನನಗೆ ದೊಡ್ಡದು ಅನ್ನಿಸುತ್ತದೆ. ಇವತ್ತು ಬರೆಯುವವರಿಗೆ '1857ರ ಬಂಡಾಯ' ಎಂಬುದು ಸಾಕಷ್ಟು ಸರಿಯಾದ ಹೆಸರು. ಆಳುವವರ ವಿರುದ್ಧ ಎದ್ದರು ಎಂಬುದು ಅದರಲ್ಲಿದೆ, ಎದ್ದವರು ಸೈನಿಕರು ಮಾತ್ರ ಎಂಬ ಸುಳ್ಳು ಅದರಲ್ಲಿಲ್ಲ. ನೂರಾರು ವರ್ಷಗಳ ವಚನ ಸಾಹಿತ್ಯ, ಇತ್ತೀಚಿನ ಬಂಡಾಯ ಸಾಹಿತ್ಯ ಇವುಗಳ ನೆಲೆಯಲ್ಲಿ 'ಬಂಡಾಯ' ಕನ್ನಡಿಗರಿಗೆ ಬೈಗುಳವಾಗಿ ಕೇಳುವುದೂ ಇಲ್ಲ.

ದೆಹಲಿಯಲ್ಲಿ ಬ್ರಿಟಿಷರು 1863ರಲ್ಲಿ ತಮ್ಮ ಕಡೆ ಸತ್ತವರಿಗಾಗಿ ಕಟ್ಟಿದ ಒಂದು ಸ್ಮಾರಕವಿದೆ. ಅದರ ಮೇಲಿನ ಬರಹ ಎದುರಾಳಿಗಳನ್ನು 'ಶತ್ರು' ಎನ್ನುತ್ತದೆ. 1972ರಲ್ಲಿ ಅದಕ್ಕೆ ಅಜಿತ್‌ಗಢ ಎಂದು ಹೊಸ ಹೆಸರಿಟ್ಟರು. ಹಳೆಯ ಬರಹವನ್ನು ಕೆತ್ತಿ ತೆಗೆಯಲಿಲ್ಲ. ಈ ಬರಹದಲ್ಲಿ 'ಶತ್ರು' ಎಂದಿರುವವರು ವಸಾಹತು ಆಳ್ವಿಕೆಯ ವಿರುದ್ಧ ಎದ್ದು ಧೈರ್ಯದಿಂದ ಹೋರಾಡಿದವರು ಎಂದು ಹೇಳುವ ಇನ್ನೊಂದು ಫಲಕ ಸೇರಿಸಿದರು. ಹೊಸ ಫಲಕವೂ ತಟಸ್ಥವಲ್ಲ. ಆದರೆ ಎರಡು ದನಿಗಳೂ ಅಲ್ಲಿವೆ, ಯಾವುದು ಯಾರದ್ದು ಎಂದು ಓದುವವನಿಗೆ ತಿಳಿಯುತ್ತದೆ.

ಗಟ್ಟಿ ಪದವೇ ಸರಿಯಾದ ಪದವಾದಾಗ

ಇಲ್ಲಿಯವರೆಗೆ ಓದಿದವರಿಗೆ 'ಸೈನಿಕ ಕಾರ್ಯಾಚರಣೆ' ಎಂದು ಹಾಕಿಬಿಟ್ಟರೆ ಎಲ್ಲ ಕಡೆಯೂ ಸಾಕು ಅನ್ನಿಸಬಹುದು. ಸಾಲದು.

1890ರ ಡಿಸೆಂಬರ್ 29ರಂದು ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಸೈನಿಕರು ಲಕೋಟ ಎಂಬ ಮೂಲನಿವಾಸಿ ಜನರ ಆಯುಧ ಕಸಿಯುತ್ತಿದ್ದಾಗ ಗುಂಡು ಹಾರಿತು. ಆಮೇಲೆ ಸತ್ತವರಲ್ಲಿ ಹೆಂಗಸರು, ಮಕ್ಕಳು ಬಹಳ ಜನ. ಸೈನ್ಯ ಅದನ್ನು ಕದನ ಎಂದಿತು, 20 ಸೈನಿಕರಿಗೆ ಅತ್ಯುನ್ನತ ಶೌರ್ಯ ಪದಕ ಕೊಟ್ಟಿತು. ನೂರು ವರ್ಷಗಳ ನಂತರ, 1990ರಲ್ಲಿ, ಅಮೆರಿಕದ ಸಂಸತ್ತೇ ಅದನ್ನು ಹತ್ಯಾಕಾಂಡ ಎಂದು ಕರೆದು ವಿಷಾದ ಸೂಚಿಸಿತು. ಇಲ್ಲಿ 'ಕದನ' ಎಂದರೆ ಇಬ್ಬರೂ ಸಮಸಮವಾಗಿ ಕಾದಿದರು ಎಂಬ ಅರ್ಥ ಬರುತ್ತದೆ. ಅದು ಸುಳ್ಳು. ಹಾಗಾಗಿ 'ಹತ್ಯಾಕಾಂಡ' ಎಂಬುದೇ ತಟಸ್ಥ ಪದ. ಓದಲು ಕಷ್ಟ ಎಂಬ ಕಾರಣಕ್ಕೆ ಒಂದು ಪದ ಪಕ್ಷಪಾತಿಯಾಗುವುದಿಲ್ಲ.

ನೈಋತ್ಯ ಆಫ್ರಿಕಾದಲ್ಲಿ, ಅಂದರೆ ಇಂದಿನ ನಮೀಬಿಯಾದಲ್ಲಿ, 1904ರಿಂದ 1908ರವರೆಗೆ ಜರ್ಮನ್ ಸೈನ್ಯ ಹೆರೆರೊ ಮತ್ತು ನಾಮಾ ಜನರ ವಿರುದ್ಧ ನಡೆಸಿದ್ದಕ್ಕೆ ಹಳೆಯ ಪುಸ್ತಕಗಳಲ್ಲಿ 'ಹೆರೆರೊ ದಂಗೆ' ಎಂಬ ಹೆಸರಿದೆ. ದಂಗೆ ಎದ್ದದ್ದು ನಿಜ. ಆದರೆ ಆ ಹೆಸರು ಇಡೀ ಕಥೆಯನ್ನು ಸತ್ತವರ ತಲೆಗೆ ಕಟ್ಟುತ್ತದೆ. ಜನರಲ್ ಫಾನ್ ಟ್ರೋಥಾ 1904ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಗಡಿಯೊಳಗೆ ಕಂಡ ಪ್ರತಿ ಹೆರೆರೊ ವ್ಯಕ್ತಿಯನ್ನೂ ಗುಂಡಿಕ್ಕಿ ಕೊಲ್ಲುವುದಾಗಿ ಬರೆದಿತ್ತು. ಜರ್ಮನ್ ಸರ್ಕಾರ 2021ರಲ್ಲಿ ಇದನ್ನು ನರಮೇಧ ಎಂದು ಒಪ್ಪಿತು. ಇಂಥ ಕಡೆ ನಾನು ಎರಡು ಹೆಸರು ಬಳಸುತ್ತೇನೆ. ಪಡೆಗಳು ಕಾದಾಡಿದ ಭಾಗಕ್ಕೆ ಯುದ್ಧ, ಜನರನ್ನು ನಿರ್ನಾಮ ಮಾಡಿದ ಭಾಗಕ್ಕೆ ನರಮೇಧ. ಒಂದರ ಹೆಸರನ್ನು ಇನ್ನೊಂದರ ಮೇಲೆ ಹೊದಿಸಿದರೆ ಎರಡೂ ಅರ್ಥವಾಗುವುದಿಲ್ಲ.

ರೂಢಿಗೆ ಬಂದ ಹೆಸರು ತಪ್ಪಾಗಿದ್ದರೆ

ಕೆಲವು ಹೆಸರುಗಳು ವಾಲಿವೆ ಎಂದು ಗೊತ್ತಿದ್ದರೂ ಬದಲಿಸುವುದು ಕಷ್ಟ. 1839ರಿಂದ 1842ರವರೆಗೆ ಬ್ರಿಟನ್ ಮತ್ತು ಚೀನಾ ನಡುವೆ ನಡೆದ ಯುದ್ಧಕ್ಕಿರುವ 'ಅಫೀಮು ಯುದ್ಧ' ಎಂಬುದು ಆ ಯುದ್ಧವನ್ನು ವಿರೋಧಿಸಿದ ಬ್ರಿಟಿಷರು ಚುಚ್ಚಲು ಬಳಸಿದ ಹೆಸರು. ಈಗ ಎಲ್ಲರದ್ದೂ ಅದೇ ಹೆಸರು. ಅಫೀಮು ಅದರ ನಡುವೆಯೇ ಇದ್ದದ್ದರಿಂದ ಅದನ್ನು ಬಿಡಲು ಕಾರಣವೂ ಇಲ್ಲ. ಚೀನಾದ 'ಬಾಕ್ಸರ್ ದಂಗೆ' ಹಾಗಲ್ಲ. ಬಾಕ್ಸರ್ ಎಂದು ಕರೆಸಿಕೊಂಡ ಆ ಚೀನೀ ಜನ ಎದ್ದದ್ದು ವಿದೇಶಿಯರ ವಿರುದ್ಧ. 1900ರಲ್ಲಿ ಚೀನಾದ ರಾಜಮನೆತನವೇ ಅವರ ಜೊತೆ ನಿಂತಿತು. ದಂಗೆ ಯಾರ ವಿರುದ್ಧ ಎಂಬ ಪ್ರಶ್ನೆಗೆ ಆ ಹೆಸರಿನಲ್ಲಿ ಉತ್ತರವಿಲ್ಲ. ಆದರೂ ಓದುಗ ಹುಡುಕುವುದು ಅದೇ ಹೆಸರನ್ನು. ತಲೆಬರಹದಲ್ಲಿ ರೂಢಿಯ ಹೆಸರನ್ನು ಉಳಿಸಿ, ಅದು ಎಲ್ಲಿಂದ ಬಂತು, ಎಲ್ಲಿ ತಪ್ಪುತ್ತದೆ ಎಂದು ಮೊದಲ ಪ್ಯಾರಾದಲ್ಲೇ ಬರೆಯುವುದು ಒಳ್ಳೆಯದು. ನಾವೇ ಹೊಸದಾಗಿ ಕಟ್ಟಿದ, ಬೇರೆ ಯಾರೂ ಬಳಸದ ಹೆಸರು ಎಷ್ಟೇ ಶುದ್ಧವಾಗಿದ್ದರೂ ಓದುಗನನ್ನು ದಾರಿ ತಪ್ಪಿಸುತ್ತದೆ.

ಹೆಸರು ಬದಲಾಗುವುದೇ ಇಲ್ಲ ಎಂದೇನೂ ಇಲ್ಲ. 1876ರ ಜೂನ್‌ನಲ್ಲಿ ಲಕೋಟ, ಷಾಯೆನ್ ಮತ್ತು ಅರಪಾಹೊ ಯೋಧರು ಕಸ್ಟರ್ ಎಂಬ ಅಧಿಕಾರಿಯ ಪಡೆಯನ್ನು ಸೋಲಿಸಿದ ಜಾಗಕ್ಕೆ ಅಮೆರಿಕ ಸರ್ಕಾರ ಸೋತವನ ಹೆಸರನ್ನೇ ಇಟ್ಟಿತ್ತು. 1991ರಲ್ಲಿ ಅದು 'ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮಿ' ಆಯಿತು, ಅಲ್ಲಿ ಹರಿಯುವ ನದಿಯ ಹೆಸರು.

ತಲೆಬರಹ ಸರಿಯಾದ ಮೇಲೆ

ತಲೆಬರಹವನ್ನು ಇಷ್ಟು ಜೋಪಾನವಾಗಿ ಮಾಡಿ, ಒಳಗೆ ಎಲ್ಲವನ್ನೂ ಕೆಡಿಸುವುದು ತುಂಬಾ ಸುಲಭ. 1975ರ ಏಪ್ರಿಲ್ 30ರಂದು ಉತ್ತರ ವಿಯೆಟ್ನಾಂ ಸೈನ್ಯ ದಕ್ಷಿಣ ವಿಯೆಟ್ನಾಂ ರಾಜಧಾನಿಯಾಗಿದ್ದ ಸೈಗಾನ್ ನಗರಕ್ಕೆ ಬಂತು. 'ಸೈಗಾನ್ ಪತನ' ಎಂದು ಬರೆದರೆ ನೀವು ಸೋತವರ ಜೊತೆ ನಿಂತಿದ್ದೀರಿ. 'ಸೈಗಾನ್ ವಿಮೋಚನೆ' ಎಂದರೆ ಗೆದ್ದವರ ಜೊತೆ. 'ಉತ್ತರ ವಿಯೆಟ್ನಾಂ ಸೈನ್ಯ ಸೈಗಾನನ್ನು ವಶಪಡಿಸಿಕೊಂಡಿತು' ಎಂದರೆ ಆದದ್ದನ್ನು ಹೇಳಿದ್ದೀರಿ. ಒಂದು ಕಡೆಯವರು 'ಹುತಾತ್ಮರಾದರು', ಇನ್ನೊಂದು ಕಡೆಯವರು 'ಹತರಾದರು' ಎಂಬ ವ್ಯತ್ಯಾಸ ನಮ್ಮ ಬರಹಗಳಲ್ಲಿ ತೀರಾ ಸಾಮಾನ್ಯ. ಇಬ್ಬರೂ ಸತ್ತರು ಎಂದೇ ಬರೆಯಬಹುದು. 'ನಮ್ಮ ಸೈನ್ಯ', 'ಶತ್ರು ಪಡೆ' ಎಂಬ ಮಾತುಗಳ ಜಾಗದಲ್ಲಿ ಸೈನ್ಯದ ಹೆಸರನ್ನೇ ಹಾಕಬೇಕು.

ಕ್ರಿಯಾಪದದಲ್ಲೂ ಹೀಗೇ ಆಗುತ್ತದೆ. 'ಹಳ್ಳಿಗಳು ಸುಟ್ಟುಹೋದವು' ಎಂದಾಗ ಬೆಂಕಿ ಇಟ್ಟವರು ವಾಕ್ಯದಿಂದ ತಪ್ಪಿಸಿಕೊಂಡಿದ್ದಾರೆ. ಯಾರು ಸುಟ್ಟರು ಎಂದು ಗೊತ್ತಿದ್ದರೆ ಅವರನ್ನು ವಾಕ್ಯಕ್ಕೆ ಕರೆತರಬೇಕು. ನಕ್ಷೆಯ ಬಾಣಗಳ ಪಕ್ಕ 'ಮುನ್ನಡೆ' ಎಂದು ಒಬ್ಬರಿಗೆ, 'ನುಸುಳುವಿಕೆ' ಎಂದು ಇನ್ನೊಬ್ಬರಿಗೆ ಬರೆದಿದ್ದರೆ ಅದನ್ನೂ ತಿದ್ದಬೇಕು. ಚಿತ್ರದ ಕೆಳಗಿನ ಸಾಲನ್ನು ಬಹಳ ಸಲ ಬೇರೆ ಯಾರೋ ಬರೆದಿರುತ್ತಾರೆ. ಸೈನ್ಯದ ಪ್ರಚಾರ ವಿಭಾಗ ಕೊಟ್ಟ ಚಿತ್ರವಾದರೆ ಅವರ ಒಕ್ಕಣೆಯೇ ಅದರ ಜೊತೆ ಬಂದಿರುತ್ತದೆ. ಅದನ್ನು ತೆಗೆದು, ಚಿತ್ರದಲ್ಲಿ ಕಾಣುವುದನ್ನು ಮಾತ್ರ ಬರೆದು, ಚಿತ್ರ ಯಾರು ತೆಗೆದದ್ದು ಎಂದು ಹಾಕಿದರೆ ಆಯಿತು.